ಮೊಬೈಲು ಹೇಳಿದ ವಿಶೇಷ

ಇದನ್ನು ಬರೆಯುವ ಮೊದಲು ನನ್ನ ಸೊಸೆಯನ್ನು ಕೇಳಿದ್ದೇನೆ. ಬರೆದು ಮುಗಿಸಿದ ಮೇಲೆ ಅವಳ ಕೈಗೇ ಕೊಟ್ಟಿದ್ದೇನೆ. ಅವಳು ವಿಜಯನಗರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು; ಕೆಂಪು ಪೆನ್ನು ಹಿಡಿದುಕೊಂಡೇ ಓದಿದಳು. ಅವಳು ಹೊಡೆದು ಹಾಕಿದ ಜಾಗದಲ್ಲಿ ನಾನು ಬೇರೆ ಮಾತು ತುಂಬಿಸಲು ಹೋಗಿಲ್ಲ. ಓದುವವರಿಗೆ ಎಲ್ಲಾದರೂ ಏನೋ ಬಿಟ್ಟುಹೋಗಿದೆ ಅನ್ನಿಸಿದರೆ, ಅದು ಬಿಟ್ಟುಹೋದದ್ದಲ್ಲ, ಬಿಟ್ಟದ್ದು.

ನಾನು ಮಾಡಿದ ತಪ್ಪನ್ನು ಮಾತ್ರ ಪೂರ್ತಿ ಬರೆಯುತ್ತೇನೆ. ಅದು ನನ್ನ ಸ್ವಂತದ್ದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ನಾವು ಇರುವುದು ಬಸವೇಶ್ವರನಗರದಲ್ಲಿ. ನಾನು, ಮಗ, ಸೊಸೆ, ಮೂವರೇ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾದವು. ನಾನು ದಾವಣಗೆರೆ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಇಲ್ಲಿಗೆ ಬಂದವನು, ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಶೀನಿನ ಮುಂದೆ ನಿಂತೇ ಆಯುಷ್ಯ ಕಳೆದೆ. ನನ್ನ ಕಣ್ಣಿಗೆ ಗೊತ್ತಿದ್ದ ಕೆಲಸ ಒಂದೇ, ಅಳತೆ ನೋಡುವುದು. ಕಬ್ಬಿಣದ ಸರಳು ಕೂದಲೆಳೆಯಷ್ಟು ದಪ್ಪವಾದರೂ ಕಣ್ಣು ಹಿಡಿಯುತ್ತಿತ್ತು. ನಿವೃತ್ತಿಯಾದ ಮೇಲೆ ಆ ಕಣ್ಣಿಗೆ ನೋಡಲು ಏನೂ ಇಲ್ಲದೆ ಹೋಯಿತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಮುಂದೆ ಆದದ್ದಕ್ಕೆ ನಾನು ಯಾವ ನೆಪವನ್ನೂ ಇಟ್ಟುಕೊಂಡಿಲ್ಲ.

ಒಂದು ಬೆಳಿಗ್ಗೆ ಸೊಪ್ಪಿನ ಗಾಡಿಯ ಹತ್ತಿರ ನಿಂತಿದ್ದಾಗ ತಲೆ ಸುತ್ತಿ ಕೂತುಬಿಟ್ಟೆ. ಸೊಪ್ಪಿನವಳೇ ನೀರು ಚಿಮುಕಿಸಿ ಮನೆಗೆ ಬಿಟ್ಟುಹೋದಳು. ಡಾಕ್ಟರು ಗಾಬರಿಪಡುವಂಥದ್ದೇನೂ ಇಲ್ಲ, ನಾಡಿಯ ಮೇಲೆ ಒಂದು ಕಣ್ಣಿರಲಿ ಅಂದರು. ಆ ಒಂದು ಕಣ್ಣನ್ನು ಸೊಸೆ ಅಂಗಡಿಯಿಂದ ಕೊಂಡು ತಂದಳು. ಕೈಗೆ ಕಟ್ಟುವ ವಾಚು. ಟೈಮು ತೋರಿಸುವುದು ಅದರ ಕೊನೆಯ ಕೆಲಸ. ನಡೆದದ್ದು, ಮಲಗಿದ್ದು, ಎದೆ ಹೊಡೆದುಕೊಂಡದ್ದು ಎಲ್ಲವನ್ನೂ ಮೊಬೈಲಿಗೆ ಚಾಡಿ ಹೇಳುವುದು ಮೊದಲ ಕೆಲಸ.

"ಮಾವ, ಎಡಗೈ ಕೊಡಿ."

"ಬಳೆ ತೊಡಿಸ್ತೀಯೇನಮ್ಮ?"

"ಬಳೆ ಅಂತಾನೇ ಅಂದ್ಕೊಳ್ಳಿ. ನಾಡಿ ಹೆಚ್ಚುಕಮ್ಮಿ ಆದ್ರೆ ಸ್ಕೂಲಲ್ಲಿದ್ರೂ ನಂಗೆ ಗೊತ್ತಾಗತ್ತೆ."

"ಅಂದ್ರೆ ನಾನು ಎಲ್ಲಿಗೆ ಹೋದೆ, ಎಷ್ಟೊತ್ತಿಗೆ ಮಲಗಿದೆ, ಎಲ್ಲಾ ನೀನು ನೋಡ್ತಿರ್ತೀಯ?"

"ಹೂಂ."

"ಇದ್ಯಾವ ನ್ಯಾಯ? ನನ್ನದು ನೀನು ನೋಡೋದಾದ್ರೆ ನಿನ್ನದು ನಾನೂ ನೋಡ್ಬೇಕು. ಇಲ್ಲಾಂದ್ರೆ ಇದು ವಾಚಲ್ಲ, ಬೇಡಿ."

ಅವಳು ನಕ್ಕಳು. ಅವಳ ಕೈಯಲ್ಲೂ ಅದೇ ಕಂಪನಿಯ ವಾಚು ಇತ್ತು. "ನನ್ನದು ನೋಡಿ ಏನ್ಮಾಡ್ತೀರಾ ಮಾವ? ಸ್ಟಾಫ್ ರೂಮಿಂದ ಕ್ಲಾಸಿಗೆ, ಕ್ಲಾಸಿಂದ ಸ್ಟಾಫ್ ರೂಮಿಗೆ. ನೋಡ್ಕೊಳ್ಳಿ ಧಾರಾಳವಾಗಿ" ಎಂದು ಎರಡೂ ಮೊಬೈಲುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಒತ್ತತೊಡಗಿದಳು. ಕುಟುಂಬದೊಂದಿಗೆ ಎಲ್ಲವನ್ನೂ ಹಂಚಿಕೊಳ್ಳುವಿರಾ ಎಂದು ಅದು ಕೇಳಿತು. ಒಲೆಯ ಮೇಲೆ ಕುಕ್ಕರ್ ಕೂಗುತ್ತಿತ್ತು. ಹೌದು ಎಂದು ಒತ್ತಿ ಒಳಗೆ ಓಡಿದಳು.

ಅವಳ ಮನಸ್ಸಿನಲ್ಲಿ ಇದ್ದದ್ದು ನಡಿಗೆ. ಕಂಪನಿಯವರು ಹೇಳಿದ್ದು ಎಲ್ಲವನ್ನೂ.

ಮೊದಮೊದಲು ನಾನು ನೋಡಿದ್ದೂ ನಡಿಗೆಯನ್ನೇ. ಅವಳಿಗಿಂತ ನಾನು ಹೆಚ್ಚು ನಡೆದ ದಿನ ಊಟಕ್ಕೆ ಕೂತಾಗ ಛೇಡಿಸುತ್ತಿದ್ದೆ. ಹೀಗಿರುವಾಗ ಅವಳ ಪುಟದ ಕೆಳಗೆ ಒಂದು ಸಣ್ಣ ಗುಲಾಬಿ ಬಣ್ಣದ ಹೂವಿನ ಗುರುತು ಕಂಡಿತು. ನನ್ನ ಪುಟದಲ್ಲಿ ಅದು ಇರಲಿಲ್ಲ. ಒತ್ತಿದೆ. ಮೊಬೈಲನ್ನು ಕನ್ನಡಕ್ಕೆ ಹಾಕಿಸಿಕೊಂಡಿದ್ದೆನಾದ್ದರಿಂದ ಓದಲು ತೊಂದರೆಯಾಗಲಿಲ್ಲ. ಋತುಚಕ್ರ ಎಂದಿತ್ತು. ಕೆಳಗೆ ತಿಂಗಳ ಪಟ್ಟಿ, ಅದರಲ್ಲಿ ಕೆಲವು ದಿನಗಳಿಗೆ ಬಣ್ಣ.

ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಮುಂದೆ ಸೊಸೆಯೇ ಕೇಳಿದಾಗ ನಾನು ಹೇಳಲು ಹೊರಟದ್ದು "ಅದೇ ಕಾಣಿಸ್ತು, ನಾನೇನು ಹುಡುಕಿಕೊಂಡು ಹೋಗ್ಲಿಲ್ಲ" ಎಂದು. ಮೊದಲ ದಿನದ ಮಟ್ಟಿಗೆ ಅದು ನಿಜ. ಮಾರನೆಯ ದಿನದಿಂದ ಅದು ಸುಳ್ಳು. ಅದು ನಾನು ನೋಡುವಂಥದ್ದಲ್ಲ ಎಂದು ಮೊದಲ ಕ್ಷಣದಲ್ಲೇ ಗೊತ್ತಾಗಿತ್ತು. ಗೊತ್ತಾದ ಮೇಲೂ ಪ್ರತಿ ಬೆಳಿಗ್ಗೆ ಕಾಫಿಗೆ ಮೊದಲು ಆ ಹೂವನ್ನು ಒತ್ತುತ್ತಿದ್ದೆ. ಸೊಸೆಯ ಮೇಲಿನ ಕಾಳಜಿ ಅಂದುಕೊಂಡಿದ್ದೆ. ಕಾಳಜಿಯಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಸುಖ.

ನಮ್ಮಲ್ಲಿ ಮುಟ್ಟು ಮೈಲಿಗೆ ಇಲ್ಲ. ಹೆಂಗಸರನ್ನು ಆ ದಿನಗಳಲ್ಲಿ ದೂರ ಕೂರಿಸುವ ಪದ್ಧತಿಯನ್ನು ನಮ್ಮ ಹಿರಿಯರು ಎಂದೋ ಬಿಟ್ಟರು. ಅದು ಎಂಥ ದೊಡ್ಡ ಮರ್ಯಾದೆ ಎಂಬುದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ದೂರ ಕೂತ ಹೆಂಗಸಿನ ಸಂಗತಿ ಮನೆಗೆಲ್ಲ, ಬೀದಿಗೆಲ್ಲ ಗೊತ್ತಾಗುತ್ತದೆ. ಮಾವನಿಗೆ ಗೊತ್ತಾಗುತ್ತದೆ, ಹಾಲಿನವನಿಗೂ ಗೊತ್ತಾಗುತ್ತದೆ. ನನ್ನ ತಾಯಿ ಎಲ್ಲ ದಿನವೂ ಒಂದೇ ಥರ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ನನ್ನ ಹೆಂಡತಿಯೂ ಹಾಗೆಯೇ ಓಡಾಡಿಕೊಂಡಿದ್ದಳು. ನನ್ನ ಅಪ್ಪನಿಗೆ ತನ್ನ ಸೊಸೆಯ ದಿನಗಳು ಸಾಯುವವರೆಗೂ ಗೊತ್ತಿರಲಿಲ್ಲ. ಹಿರಿಯರು ಮುರಿದು ಹೊರಗೆಸೆದ ಕಟ್ಟಳೆಯನ್ನು ಒಂದು ವಾಚು ಹಿತ್ತಲ ಬಾಗಿಲಿನಿಂದ ಒಳಗೆ ತಂದಿತು. ಬಾಗಿಲು ತೆಗೆದವನು ನಾನು. ಆದರೆ ಅದನ್ನು ಹೊತ್ತುಕೊಂಡು ಬಂದು ಬಾಗಿಲಲ್ಲಿ ನಿಂತವರು ಬೇರೆ ಇದ್ದಾರೆ. ಸೊಸೆಯ ಮೈಯ ಲೆಕ್ಕವನ್ನು ಮಾವನ ಮುಂದೆ ಹರವಿಟ್ಟು ಅದಕ್ಕೆ ಕುಟುಂಬ ಎಂದು ಹೆಸರಿಟ್ಟವರನ್ನು ನಾನು ಯಾಕೆ ಸುಮ್ಮನೆ ಬಿಡಲಿ? ನನ್ನ ಪಾಲಿನ ತಪ್ಪು ಹೊರುತ್ತೇನೆ. ಅವರ ಪಾಲಿನದನ್ನೂ ಹೊರುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಒಂದು ಬೆಳಿಗ್ಗೆ ಹೂವಿನ ಪಕ್ಕ ತಡವಾಗಿದೆ ಎಂದಿತ್ತು. ಮಾರನೆಯ ದಿನ ನೋಡಿದೆ, ಅದರ ಮಾರನೆಯ ದಿನವೂ ನೋಡಿದೆ. ಇನ್ನೂ ಹಾಗೆಯೇ ಇತ್ತು. ಆಮೇಲೆ ಒಂದು ದಿನ ಅದರ ಕೆಳಗೆ ಮಿನುಗುವ ಅಕ್ಷರದಲ್ಲಿ ಇನ್ನೊಂದು ಸಾಲು ಬಂತು: ಈ ವಾರ ನಿಮಗೊಂದು ವಿಶೇಷ!

ಮದುವೆಯಾದ ಹೆಣ್ಣುಮಗಳನ್ನು ಯಾರಾದರೂ "ಏನಮ್ಮಾ, ವಿಶೇಷ ಏನಾದ್ರೂ ಇದ್ಯಾ?" ಎಂದು ಕೇಳಿದರೆ ಅಡುಗೆಯ ವಿಷಯ ಕೇಳುತ್ತಿಲ್ಲ ಎಂದು ಕನ್ನಡ ಬಲ್ಲ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯಾಗಿ ನಾಲ್ಕು ವರ್ಷವಾಗಿದ್ದ ನನ್ನ ಸೊಸೆ ಈ ಪ್ರಶ್ನೆಯನ್ನು ಎಲ್ಲ ಛತ್ರಗಳಲ್ಲೂ ಕೇಳಿಸಿಕೊಂಡಿದ್ದಳು. ಇಲ್ಲಿ ನೋಡಿದರೆ ಮೊಬೈಲೇ ವಿಶೇಷ ಇದೆ ಅನ್ನುತ್ತಿದೆ. ತಡವಾಗಿದೆ ಅನ್ನುವುದನ್ನೂ ಇದನ್ನೂ ಕೂಡಿಸಿದೆ. ನನ್ನ ಮಟ್ಟಿಗೆ ಡಾಕ್ಟರು ಚೀಟಿ ಬರೆದುಕೊಟ್ಟಷ್ಟೇ ಖಾತ್ರಿಯಾಯಿತು.

ಆ ಸಾಲನ್ನು ಒತ್ತಿ ಒಳಗೆ ಏನಿದೆ ಎಂದು ನೋಡುವ ತಾಳ್ಮೆಯೂ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಇರುವುದು ಕುರುಬರಹಳ್ಳಿಯಲ್ಲಿ. ತಾಯಿ ಹೋದ ಮೇಲೆ ನನಗೆ ತಾಯಿ. ಬೆಂಗಳೂರಿಗೆ ಬಂದು ಎಷ್ಟು ಕಾಲವಾದರೂ, ಸಿಟ್ಟು ಬಂದರೆ ಅಥವಾ ಸಂತೋಷ ಹೆಚ್ಚಾದರೆ ಅವಳ ನಾಲಿಗೆ ಊರಿಗೆ ವಾಪಸ್ಸು ಹೋಗುತ್ತದೆ.

"ಅಕ್ಕಾ, ನಮ್ಮನೇಲಿ ಏನೋ ವಿಶೇಷ ಇರೋ ಹಾಗಿದೆ."

"ಖರೇನಾ? ಯಾರು ಹೇಳಿದ್ರು?"

"ಅವಳ ವಾಚಿಂದ ನನ್ನ ಮೊಬೈಲಿಗೆ ಬಂತು."

"ಎಂಥಾ ಕಾಲ ಬಂತಪ್ಪಾ! ನಮ್ಮ ಕಾಲದಾಗ ಹುಣಸೆಕಾಯಿ ಕದ್ದು ತಿನ್ನೋದು ನೋಡಿ ಅತ್ತಿ ಕಂಡುಹಿಡೀತಿದ್ಲು."

"ಅಕ್ಕಾ, ಯಾರಿಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲೋ?"

ಅವಳೂ ಯಾರಿಗೂ ಹೇಳಬೇಡಿ ಎಂದೇ ಹೇಳಿದಳು. ಎಷ್ಟು ಜನಕ್ಕೆ ಹಾಗೆ ಹೇಳಿದಳೋ ಗೊತ್ತಿಲ್ಲ.

ಆ ಭಾನುವಾರ ಅಕ್ಕ ತನ್ನ ಓರಗಿತ್ತಿಯನ್ನೂ ಎದುರು ಮನೆಯ ಹೆಂಗಸನ್ನೂ ಕರೆದುಕೊಂಡು ಬಂದಳು. ಕೈಚೀಲದಲ್ಲಿ ಹಸಿರು ಖಣ, ಹಸಿರು ಬಳೆ, ಕೊಬ್ಬರಿ ಬಟ್ಟಲು. ನಮ್ಮ ಕಡೆ ಬಸುರಿಗೆ ಕುಬುಸ, ಅಂದರೆ ಸೀಮಂತ, ಮಾಡುತ್ತಾರೆ. ಅದಕ್ಕೆ ಇನ್ನೂ ತಿಂಗಳುಗಳಿದ್ದರೂ ಅಕ್ಕನಿಗೆ ಖಣ ಕೊಳ್ಳುವ ಆಸೆ ತಡೆಯಲಾಗಲಿಲ್ಲ. ಸೊಸೆ ತಲೆಗೆ ನೀರು ಹಾಕಿಕೊಂಡು ಟವೆಲ್ಲು ಸುತ್ತಿಕೊಂಡೇ ಬಂದು, ಬನ್ನಿ ಅತ್ತೆ ಎಂದು ಕರೆದಳು. ಕಾಫಿ ತಂದಿಟ್ಟಳು.

"ಕೂತ್ಕೊಳ್ಳಮ್ಮಾ. ಇನ್ಮೇಲೆ ಓಡಾಟ ಕಮ್ಮಿ ಮಾಡು. ಎಷ್ಟು ತಿಂಗಳು?"

"ಏನು ಅತ್ತೆ?"

"ನಾಚ್ಕೋಬೇಡ. ಎಲ್ಲಾ ಹೆಂಗಸ್ರೇ ಇರೋದು. ನಿನ್ನ ಮಾವನ್ನ ಲೆಕ್ಕಕ್ಕೆ ತಗೋಬೇಡ."

ಸೊಸೆ ಖಣ ನೋಡಿದಳು, ಬಳೆ ನೋಡಿದಳು. "ಅಂಥದ್ದೇನೂ ಇಲ್ಲ ಅತ್ತೆ. ಯಾರು ಹೇಳಿದ್ರು ನಿಮಗೆ?"

ಅಕ್ಕ ಗಲ್ಲ ಎತ್ತಿ ನನ್ನ ಕಡೆ ತೋರಿಸಿದಳು. "ನಿಮ್ಮ ಮಾವನ ಮೊಬೈಲಿಗೆ ಬಂತಂತಲ್ಲ, ತಡವಾಗೈತಿ ಅಂತ."

ಅವಳು ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಸ್ನಾನದ ಮನೆಯಲ್ಲಿರುವಾಗ ಯಾರೋ ಬಾಗಿಲು ತೆರೆದರೆ ಒಬ್ಬರು ಹೇಗೆ ನೋಡುತ್ತಾರೋ ಹಾಗೆ ನೋಡಿದಳು.

ಆಮೇಲೆ ಆದದ್ದಕ್ಕೆ ಕಾಲು ಗಂಟೆಯೂ ಹಿಡಿಯಲಿಲ್ಲ. ಬಸುರಿಯಲ್ಲ ಅಂದರೆ ತಡ ಯಾಕೆ? ಮಾತ್ರೆ ತಗೊಳ್ತೀಯಾ? ಯಾವ ಮಾತ್ರೆ? ಯಾವ ಡಾಕ್ಟರು? ಅವನಿಗೂ ತೋರಿಸಿದ್ರಾ? ಹಿರಿಯರು ಕೇಳಿದರೆ ಉತ್ತರ ಕೊಡಬೇಕು ಎಂದು ಬೆಳೆದ ಹುಡುಗಿ, ಒಂದೊಂದಕ್ಕೂ ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟಳು. ಏನು ಉತ್ತರ ಎಂದು ಇಲ್ಲಿ ಬರೆಯುವುದಿಲ್ಲ. ಗಂಡ ಹೆಂಡತಿ ಇಬ್ಬರ ನಡುವೆ ಮಾತ್ರ ಇದ್ದದ್ದು, ಕೆಲವು ಅವನಿಗೂ ಅವಳು ಇನ್ನೂ ಹೇಳದೆ ಇದ್ದದ್ದು, ಎದುರು ಮನೆಯ ಹೆಂಗಸಿನ ಮುಂದೆ ಹೊರಬಂತು ಎಂದಷ್ಟೇ ತಿಳಿದರೆ ಸಾಕು. ಮಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ನಾನು ಕಾಫಿ ಲೋಟ ಹಿಡಿದು ಕೂತಿದ್ದೆ. ಇಬ್ಬರು ಗಂಡಸರಲ್ಲಿ ಒಬ್ಬನಾದರೂ "ಸಾಕು ನಿಲ್ಲಿಸಿ" ಅನ್ನಲಿಲ್ಲ. ಕೊನೆಗೆ ಓರಗಿತ್ತಿ ಒಂದು ದೇವಸ್ಥಾನ ಹೇಳಿದಳು, ಎದುರು ಮನೆಯವಳು ಒಬ್ಬ ನಾಟಿ ವೈದ್ಯನನ್ನು ಹೇಳಿದಳು. ಅಕ್ಕ ಖಣವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಅದನ್ನು ನೋಡುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಅವರು ಹೋದ ಮೇಲೆ ಸೊಸೆ ನನ್ನ ಮೊಬೈಲು ಕೇಳಿದಳು. ಆ ಮಿನುಗುವ ಸಾಲನ್ನು ಒತ್ತಿದಳು. ಒಳಗೆ ಇದ್ದದ್ದು ಜಾಹೀರಾತು. ಒಂದು ವರ್ಷಕ್ಕೆ ಚಂದಾ ಕಟ್ಟಿದರೆ ರಿಯಾಯಿತಿ ಕೊಡುತ್ತೇವೆ ಎಂಬುದೇ ಕಂಪನಿಯವರ ವಿಶೇಷ.

ಮಗ ನಕ್ಕುಬಿಟ್ಟ, ನಕ್ಕದ್ದಕ್ಕೆ ತಾನೇ ಹೆದರಿ ಬಾಯಿ ಮುಚ್ಚಿಕೊಂಡ. ಅವಳು ನಗಲಿಲ್ಲ.

"ಮಾವ, ದಿನಾ ನೋಡ್ತಿದ್ರಾ?"

"ಅದೇ ಕಾಣಿಸ್ತಮ್ಮ..."

"ದಿನಾ ನೋಡ್ತಿದ್ರಾ?"

"ಹೂಂ."

"ನಿಮಗೆ ಏನಾದ್ರೂ ತಿಳ್ಕೋಬೇಕಿದ್ರೆ ನನ್ನ ಕೇಳ್ಬೇಕಿತ್ತು. ಹೇಳ್ತಿದ್ದೆ. ಹೇಳದೇನೂ ಇರ್ತಿದ್ದೆ. ಆ ಹೇಳದೇ ಇರೋದು ನಂದು ಮಾವ. ಅದನ್ನ ನೀವು ತಗೊಂಡ್ಬಿಟ್ರಿ."

ವಾಚು ಬಿಚ್ಚಿ ಮೇಜಿನ ಮೇಲಿಟ್ಟಳು. ಸಂಜೆಯೇ ಒಂದು ಚೀಲ ಹಿಡಿದುಕೊಂಡು ಕೆಂಗೇರಿಗೆ, ತಾಯಿಯ ಮನೆಗೆ ಹೊರಟುಹೋದಳು. ಮಗ ತಡೆಯಲಿಲ್ಲ. ನನ್ನ ಜೊತೆ ಅವನು ಮಾತಾಡಿದ್ದು ಮಾರನೆಯ ದಿನ, ಒಂದೇ ಮಾತು: "ಅಪ್ಪ, ಅವಳು ವಾಪಸ್ ಬರಲ್ಲ ಅಂದ್ರೆ ನಾನೂ ಅಲ್ಲಿಗೇ ಹೋಗ್ತೀನಿ. ನಿಮ್ಮ ಮೇಲೆ ಸಿಟ್ಟಿಂದ ಅಲ್ಲ. ನಾನೂ ಬಾಯಿ ಮುಚ್ಕೊಂಡು ನಿಂತಿದ್ನಲ್ಲ, ಅದಕ್ಕೆ."

ಒಂದು ವಾರ ಬಿಟ್ಟು ಕೆಂಗೇರಿಗೆ ಹೋದೆ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತುವ ಮೊದಲು ಮೊಬೈಲನ್ನು ಆಫ್ ಮಾಡಿದೆ, ವಾಚು ಬಿಚ್ಚಿ ಜೇಬಿಗೆ ಹಾಕಿದೆ. ನನ್ನ ನಡಿಗೆಯ ಗೆರೆ ನನ್ನ ಮನೆ ಬಾಗಿಲಿನಿಂದ ಶುರುವಾಗಿ ನಕ್ಷೆಯ ಮೇಲೆ ಮೂಡುತ್ತದೆ ಎಂದು ಆ ವಾರದಲ್ಲಿ ಗಮನಿಸಿದ್ದೆ. ಅವಳು ಇರುವ ಮನೆಗೆ ನಾನು ಗೆರೆ ಎಳೆಯಬಾರದು ಅನ್ನಿಸಿತು.

ಬೀಗಿತ್ತಿ ಬಾಗಿಲು ತೆಗೆದರು. "ಬನ್ನಿ ಬೀಗ್ರೇ" ಎಂದು ಮಂಡಕ್ಕಿ ಒಗ್ಗರಣೆ ತಂದಿಟ್ಟು, ಒಂದೂ ಪ್ರಶ್ನೆ ಕೇಳದೆ ಒಳಗೆ ಹೋದರು. ಅವರ ಆ ಸುಮ್ಮನಿರುವಿಕೆ ನನಗೆ ಚಾಟಿಯಂತೆ ಬಿತ್ತು. ಸೊಸೆ ಬಂದು ಎದುರು ಕೂತಳು.

"ತಪ್ಪಾಯ್ತಮ್ಮ. ಬೈದುಬಿಡು."

"ಬೈಯ್ಯೋಕೆ ಬರಲ್ಲ ಮಾವ, ಪಾಠ ಮಾಡೋಕೆ ಬರತ್ತೆ. ಮೊಬೈಲ್ ತಂದಿದೀರಾ?"

ನನ್ನ ಕೈಯಲ್ಲೇ ಒತ್ತಿಸಿದಳು. ತಾನು ಒಂದನ್ನೂ ಒತ್ತಲಿಲ್ಲ. ನಿಮ್ಮ ಮಾಹಿತಿಯನ್ನು ಯಾರು ನೋಡಬಹುದು ಎಂದು ಒಂದು ಪುಟ. ಅದರಲ್ಲಿ ಎಲ್ಲರೂ, ಕುಟುಂಬ, ನಾನು ಮಾತ್ರ ಎಂದು ಮೂರು ಸಾಲು. ನಡಿಗೆಗೆ ಒಂದು, ನಕ್ಷೆಗೆ ಒಂದು, ನಾಡಿಗೆ ಒಂದು, ನಿದ್ದೆಗೆ ಒಂದು, ಹೀಗೆ ಬೇರೆಬೇರೆ ಒತ್ತಬೇಕು. ಹಂಚಲು ಒಂದೇ ಸಲ ಒತ್ತಿದರೆ ಸಾಕಿತ್ತು; ಹಂಚದೇ ಇರಲು ಇಷ್ಟು ಸಲ! ನನ್ನ ಮೊಬೈಲಿನಲ್ಲಿರುವ ಫೋನ್ ನಂಬರುಗಳನ್ನೆಲ್ಲ ನೋಡಲೂ ಅದಕ್ಕೆ ಅಪ್ಪಣೆ ಸಿಕ್ಕಿತ್ತು. ನಾನು ಯಾವಾಗ ಕೊಟ್ಟೆನೋ ನನಗೇ ಗೊತ್ತಿಲ್ಲ.

ನಾನು ಮಾತ್ರ ಎಂಬ ಸಾಲಿನ ಮೇಲೆ ನನ್ನ ಬೆರಳು ನಿಂತಿತು. ಹಂಚಿ ಉಣ್ಣು ಎಂದು ಹೇಳಿಸಿಕೊಂಡು ಬೆಳೆದವನು. ನಾನು ಮಾತ್ರ ಅನ್ನುವವನು ನಮ್ಮಲ್ಲಿ ಜಿಪುಣ.

"ಯಾಕೆ ಮಾವ, ನಿಂತ್ರಿ?"

"ನಾನು ಮಾತ್ರ ಅನ್ನೋದು ಯಾಕೋ ಸ್ವಾರ್ಥ ಅನ್ಸತ್ತೆ ಕಣಮ್ಮ."

"ಬಚ್ಚಲ ಬಾಗಿಲಿಗೆ ಚಿಲಕ ಹಾಕ್ಕೊಳ್ತೀರಲ್ಲ, ಅದು ಸ್ವಾರ್ಥನಾ?"

ಒತ್ತಿದೆ. ಆಮೇಲೆ ಕುಟುಂಬದ ಪುಟದಿಂದ ತನ್ನ ಹೆಸರನ್ನು ತೆಗೆಸಿದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ನಾವು ತೆಗೆದರೂ ಕಂಪನಿಯವರ ಹತ್ತಿರ ಹಳೆಯದೆಲ್ಲ ಇರುತ್ತದಂತೆ. ಅಳಿಸಲು ಬೇರೆ ಬೇಡಿಕೆ ಸಲ್ಲಿಸಬೇಕಂತೆ. ನಮ್ಮ ಮೈಯ ಲೆಕ್ಕವನ್ನು ಅಳಿಸಿ ಎಂದು ನಾವೇ ಅವರನ್ನು ಬೇಡಿಕೊಳ್ಳಬೇಕು. ಸಿಟ್ಟು ಬಂತು. ಅಲ್ಲೇ ಕೂತು ಬೇಡಿಕೆ ಸಲ್ಲಿಸಿದೆ. ಯಾಕೆ ಅಳಿಸುತ್ತಿದ್ದೀರಿ ಎಂದು ಅದು ಕಾರಣ ಕೇಳಿತು. ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟೆ.

"ನನ್ನ ನಾಡಿ ಯಾರು ನೋಡ್ತಾರೆ ಇನ್ನು?" ಅಂದೆ.

"ತಲೆ ಸುತ್ತಿದ್ರೆ ಬಾಯಲ್ಲಿ ಹೇಳಿ."

ಅವಳ ದನಿ ಸ್ವಲ್ಪ ಸಡಿಲವಾಗಿತ್ತು. ಅಷ್ಟಕ್ಕೇ ನಾನು ಉಬ್ಬಿಹೋದೆ. ಉಬ್ಬಿ, ಎರಡನೆಯ ತಪ್ಪು ಮಾಡಿದೆ. ಮೊದಲನೆಯದಕ್ಕಿಂತ ಇದನ್ನು ಬರೆಯುವುದೇ ಕಷ್ಟ. ಏಕೆಂದರೆ ಇದನ್ನು ಒಳ್ಳೆಯ ಮನಸ್ಸಿನಿಂದ ಮಾಡಿದೆ.

ಮರುದಿನ ಕುರುಬರಹಳ್ಳಿಗೆ ಹೋಗಿ ಅಕ್ಕನ ಮುಂದೆ ಕೂತು, ಇನ್ನು ಮುಂದೆ ನನ್ನ ಸೊಸೆಯನ್ನು ಯಾರೂ ಏನೂ ಕೇಳಕೂಡದು ಎಂದೆ.

"ನಾನೇನು ಪರಕೀಯಳಾ? ಒಳ್ಳೇದಕ್ಕೇ ಕೇಳಿದ್ದು. ಅವಳಿಗೇನು ಅಷ್ಟೊಂದು ಬಿಗುಮಾನ?"

"ಬಿಗುಮಾನ ಅಲ್ಲ ಅಕ್ಕ. ಅವಳ ಕಷ್ಟ ನಿನಗೆ ಗೊತ್ತಿಲ್ಲ..." ಎಂದು ಶುರುಮಾಡಿದವನು, ಅವಳು ಎಷ್ಟು ಸಹಿಸಿಕೊಂಡಿದ್ದಾಳೆ ಎಂದು ತೋರಿಸಲು, ಭಾನುವಾರ ಹೊರಬೀಳದೆ ಉಳಿದಿದ್ದ ಒಂದು ಸಂಗತಿಯನ್ನೂ ಹೇಳಿಬಿಟ್ಟೆ. ಮಗ ಹಿಂದೊಮ್ಮೆ ನನ್ನನ್ನು ನಂಬಿ ಹೇಳಿದ್ದ ಸಂಗತಿ. ಅಕ್ಕನ ಕಣ್ಣಲ್ಲಿ ನೀರು ಬಂತು. ನಾನು ಗೆದ್ದೆ ಅಂದುಕೊಂಡು ಮನೆಗೆ ಬಂದೆ. ಅಕ್ಕ ಮರುಕದಿಂದಲೇ ಕೆಂಗೇರಿಗೆ ಫೋನ್ ಮಾಡಿ ಅವಳಿಗೆ ಸಮಾಧಾನ ಹೇಳಿದಳು.

ಅರ್ಧ ಗಂಟೆಗೆ ನನಗೆ ಫೋನು ಬಂತು.

"ಮಾವ, ಈ ಸಲ ಯಾವ ವಾಚು ಹೇಳ್ತು?"

ಕೂತಿದ್ದ ಕುರ್ಚಿಯಿಂದ ಎದ್ದು ನಿಂತೆ.

"ನನ್ನ ಪರವಾಗಿ ಮಾತಾಡೋಕೆ ಹೋಗಿ ಮತ್ತೆ ನನ್ನ ವಿಷಯಾನೇ ಹಂಚಿ ಬಂದಿದೀರಾ. ನನ್ನ ಬಗ್ಗೆ ಒಳ್ಳೇದು ಹೇಳೋಕೂ ನನ್ನ ಕೇಳ್ಬೇಕು ಮಾವ. ಕನಿಕರ ಹುಟ್ಟಿಸೋಕಂತೂ ಕೇಳ್ಲೇಬೇಕು."

"ಹಾಗಾದ್ರೆ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಮ್ಮ? ಸುಳ್ಳು ಹೇಳ್ಲಾ?"

"ಸುಳ್ಳು ಯಾಕೆ? ಹೇಳಲ್ಲ ಅನ್ನಿ. ಅಷ್ಟೇ."

ಅಷ್ಟೇ ಅಂದಳು. ಆದರೆ ನಮ್ಮ ಮಾತಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಗೊತ್ತಿಲ್ಲ ಅನ್ನುತ್ತೇವೆ, ನೋಡೋಣ ಅನ್ನುತ್ತೇವೆ, ಎಲ್ಲಾ ಅವನ ಇಚ್ಛೆ ಎಂದು ಮೇಲೆ ಕೈ ತೋರಿಸುತ್ತೇವೆ. ಗೊತ್ತಿದ್ದೂ ಹೇಳಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುವುದನ್ನು ಜಗಳ ಅನ್ನುತ್ತಾರೆ. ಆಗಲಿ, ಜಗಳವೇ ಆಗಲಿ ಎಂದು ತೀರ್ಮಾನಿಸಿದೆ. ಇಷ್ಟು ವರ್ಷ ಒಳ್ಳೆಯವನಾಗಿ ಇದ್ದು ಮಾಡಿದ ಘನಕಾರ್ಯ ನೋಡಿದ್ದಾಯಿತಲ್ಲ.

ಸೊಸೆ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಚೀಲದ ಸಮೇತ ಮನೆಗೆ ಬಂದಳು. ಕೆಂಗೇರಿಯಿಂದ ವಿಜಯನಗರದ ಶಾಲೆಗೆ ಮೆಟ್ರೋ ಇದೆ. ಅವಳಿಗೆ ಬರಲೇಬೇಕಾದ ದರ್ದು ಇರಲಿಲ್ಲ. ಯಾಕೆ ಬಂದೆ ಎಂದು ನಾನು ಕೇಳಲಿಲ್ಲ. ಬಂದಳು; ನಾನು ಚಪಾತಿ ಹಿಟ್ಟು ಕಲಸಲು ನಿಂತೆ. ಅವಳು ಒಂದು ಸಲ ಬಗ್ಗಿ ನೋಡಿ, "ನೀರು ಜಾಸ್ತಿ ಆಯ್ತು ಮಾವ" ಅಂದಳು. ಮನೆಯಲ್ಲಿ ಮತ್ತೆ ಮಾತು ಶುರುವಾದದ್ದು ಹಾಗೆ.

ಪಾರ್ಕಿನಲ್ಲಿ ನಾವು ಒಂದಷ್ಟು ಮುದುಕರು ಬೆಳಿಗ್ಗೆ ಕೂಡಿ ನಡೆಯುತ್ತೇವೆ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದ ಒಬ್ಬರು ನಮಗೆ ಮುಂದಾಳು. ಅವರು ಒಂದು ದಿನ ಹೊಸ ಆ್ಯಪ್ ತಂದರು. ಎಲ್ಲರೂ ಸೇರಬೇಕು, ಯಾರು ಎಷ್ಟು ನಡೆದರು, ಯಾರ ನಾಡಿ ಎಷ್ಟು, ಎಲ್ಲ ಒಂದೇ ಕಡೆ ಕಾಣುತ್ತದೆ, ಸ್ಪರ್ಧೆ ಇಡೋಣ ಎಂದರು. ನಾನು ಸೇರಲ್ಲ ಅಂದೆ.

"ಏನ್ ಸಾರ್, ನಿಮ್ಮದೇನು ಗುಟ್ಟು? ನಮ್ಮ ಶುಗರ್ ಎಷ್ಟು, ಬೀಪಿ ಎಷ್ಟು ಅಂತ ದಿನಾ ಬಾಯ್ಬಿಟ್ಟು ಹೇಳ್ಕೊಳ್ಳಲ್ವಾ ಇಲ್ಲಿ?"

"ಬಾಯ್ಬಿಟ್ಟು ಹೇಳಿ ಸಾರ್, ಸಂಜೆವರೆಗೂ ಕೇಳ್ತೀನಿ. ಬಾಯಿ ಬೇಡ ಅನ್ಸಿದ್ರೆ ಮುಚ್ಕೊಳ್ಳತ್ತೆ. ಇದಕ್ಕೆ ಮುಚ್ಕೊಳ್ಳೋ ಬಾಯಿಲ್ಲ."

"ಯಾರೋ ಇದಾರೆ ಕಣ್ರೀ ಇವರಿಗೆ! ಜ್ಞಾನಭಾರತಿ ಕಡೆ ಜೋಡಿಯಾಗಿ ವಾಕಿಂಗ್ ಹೋಗ್ತಾರೇನೋ, ಮ್ಯಾಪಲ್ಲಿ ಸಿಕ್ಕಿಬೀಳ್ತಾರೆ!" ಎಂದು ಇನ್ನೊಬ್ಬರು ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ. ಇಲ್ಲ ಅನ್ನಲೂ ಇಲ್ಲ. ಕಲ್ಲುಬೆಂಚಿನ ಮೇಲೆ ಕೂತು, ಬಯಸಿದ ಇಬ್ಬರಿಗೆ ಮೊಬೈಲಿನಲ್ಲಿ ಎಲ್ಲೆಲ್ಲಿ ಚಿಲಕ ಇದೆ ಎಂದು ತೋರಿಸಿಕೊಟ್ಟೆ. ಒಬ್ಬರ ನಡಿಗೆ ಅವರ ಮನೆ ಗೇಟಿನಿಂದ ಹಿಡಿದು ಊರಿಗೆಲ್ಲ ಕಾಣುತ್ತಿತ್ತು. ಬೆಳಿಗ್ಗೆ ಆ ಹೊತ್ತಿಗೆ ಅವರ ಹೆಂಡತಿ ಒಬ್ಬರೇ ಮನೆಯಲ್ಲಿರುತ್ತಾರೆ. ಆತ ಅಲ್ಲೇ ಒತ್ತಿ ಬಂದ್ ಮಾಡಿದರು. ಮುಂದಾಳು ಈಗ ನನ್ನ ಜೊತೆ ನಡೆಯುವುದಿಲ್ಲ. ಹಿಂದೆ ಮುಂದೆ ಆಗುತ್ತಾರೆ. ನನಗೆ ಬೇಸರವಿಲ್ಲ.

ಬೇಸರ ಇರುವುದು ಅಕ್ಕನ ವಿಷಯದಲ್ಲಿ. ಎರಡು ಮೂರು ಸಲ ಫೋನ್ ಮಾಡಿ ಕೇಳಿದಳು. ಮಾತ್ರೆ ನಿಲ್ಲಿಸಿದ್ರಾ? ಡಾಕ್ಟರು ಏನಂದ್ರು? ಪ್ರತಿ ಸಲವೂ ಹೇಳಲ್ಲ ಅಂದೆ. ಮೊದಲ ಸಲ ನನ್ನ ನಾಲಿಗೆ ತಡವರಿಸಿತು. ಅವಳು ಫೋನು ಕುಕ್ಕಿದಳು. ನಾಗರಪಂಚಮಿ ಬಂತು. ಅಕ್ಕ ತಂಗಿಯರು ತವರಿಗೆ ಬರುವ ಹಬ್ಬ. ತಾಯಿ ತಂದೆ ಹೋದ ಮೇಲೆ ನನ್ನ ಮನೆಯೇ ಅವಳಿಗೆ ತವರು. ಸೊಸೆ ಜೋಳದ ಅಳ್ಳು ಹುರಿದಳು, ಶೇಂಗಾ ಉಂಡೆ, ಎಳ್ಳುಂಡೆ ಕಟ್ಟಿದಳು. ಫೋನ್ ಮಾಡಿದೆ, ಎತ್ತಲಿಲ್ಲ. ಉಂಡೆಗಳನ್ನು ಡಬ್ಬಿಗೆ ತುಂಬಿ ಮಗನ ಕೈಲಿ ಕಳಿಸಿದೆ. ಡಬ್ಬಿ ಇಟ್ಟುಕೊಂಡಳಂತೆ, ಒಳಗೆ ಬಾ ಅನ್ನಲಿಲ್ಲವಂತೆ.

"ನನ್ನಿಂದ ಅಲ್ವಾ ಮಾವ?" ಎಂದು ಸೊಸೆ ಕೇಳಿದಳು.

"ನಿನ್ನಿಂದ ಅಲ್ಲ, ನನ್ನಿಂದ. ಅವತ್ತೇ ಸುಮ್ಮನಿದ್ದಿದ್ರೆ ಇವತ್ತು ಸುಮ್ಮನಿರೋದು ಇಷ್ಟು ದುಬಾರಿ ಆಗ್ತಿರ್ಲಿಲ್ಲ."

ನೀನೇ ಅಕ್ಕನಿಗೆ ಒಂದು ಮಾತು ಹೇಳಿಬಿಡು, ಮುಗಿದುಹೋಗಲಿ ಎಂದು ಅವಳಿಗೆ ಹೇಳುವ ಮನಸ್ಸು ನನಗೂ ಬಂದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಹೇಳಲಿಲ್ಲ. ನನ್ನ ಅಕ್ಕನನ್ನು ನನಗೆ ವಾಪಸ್ಸು ಕೊಡಿಸುವುದು ಅವಳ ಮೈಯ ಕೆಲಸವಲ್ಲ.

ಕಳೆದ ವಾರ ಅಕ್ಕ ತಾನೇ ಫೋನ್ ಮಾಡಿದಳು.

"ಬದುಕಿದೀಯೇನೋ?"

"ಬದುಕಿದೀನಿ ಅಕ್ಕ. ಹಬ್ಬಕ್ಕೆ ಬರ್ಲಿಲ್ಲ ನೀನು."

"ಬರ್ಲಿಲ್ಲ. ಯಾಕ ಅಂತ ನಾನೂ ಹೇಳಂಗಿಲ್ಲ."

ಅಕ್ಕನ ಮಾತಿಗೆ ನನಗೆ ನಗು ಬಂತು. ಅವಳಿಗೂ ಬಂದಿರಬೇಕು, ತಡೆದುಕೊಂಡಳು.

"ನೋಡೋ ತಮ್ಮಾ, ನಿನ್ನ ಸೊಂಟದ ಮ್ಯಾಲ ಹೊತ್ತು ತಿರುಗಿದೋಳು ನಾನು. ವಯಸ್ಸಾತು. ಎಷ್ಟು ದಿನ ಇರ್ತೀನೋ ಏನೋ. ಹೆಚ್ಚಿಗೆ ಏನೂ ಕೇಳಂಗಿಲ್ಲ, ಒಂದೇ ಒಂದು ಮಾತು. ಐತೋ ಇಲ್ಲೋ?"

"ಹೇಳಲ್ಲ ಅಕ್ಕ."

"ಅಂದ್ರ ಐತಿ!" ದನಿ ಹಿಗ್ಗಿತು.

"ಇಲ್ಲದಿದ್ರೂ ಹೇಳಲ್ಲ ಅಂತಾನೇ ಅಂತಿದ್ದೆ."

"ಅಂದ್ರ ಇಲ್ಲ."

"ಇದ್ದಿದ್ರೂ ಹಾಗೇ ಅಂತಿದ್ದೆ."

"ಕಬ್ಬಿಣ ಕೊರದು ಕೊರದು ನೀನೂ ಕಬ್ಬಿಣ ಆಗೀಯ" ಅಂದಳು. ಆಮೇಲೆ, "ಐತವಾರ ಬರ್ತೀನಿ. ನಿನ್ನ ಮಾರಿ ನೋಡಾಕಲ್ಲ."

"ಬಾ ಅಕ್ಕ. ರೊಟ್ಟಿ, ಎಣಗಾಯಿ ಮಾಡಿರ್ತೀವಿ. ಅವಳನ್ನ ಕೇಳೋಕೆ ಬರೋದಾದ್ರೆ ಮಾತ್ರ ಬರಬೇಡ."

ಅಕ್ಕ ಉತ್ತರ ಕೊಡಲಿಲ್ಲ. ಫೋನನ್ನೂ ಇಡಲಿಲ್ಲ. ಅವಳ ಮನೆಯ ಟೀವಿಯಲ್ಲಿ ಯಾರೋ ಅಳುತ್ತಿದ್ದದ್ದು ಕೇಳಿಸುತ್ತಿತ್ತು, ಅವಳ ಉಸಿರೂ ಕೇಳಿಸುತ್ತಿತ್ತು. ಸಮಾಧಾನಕ್ಕೆ ಏನಾದರೂ ಒಂದು ಮಾತು ಸೇರಿಸಬಹುದಿತ್ತು. ಸೇರಿಸಲಿಲ್ಲ. ಮೊಬೈಲನ್ನು ಕಿವಿಗೆ ಒತ್ತಿಕೊಂಡು, ಅವಳಾಗಿಯೇ ಮಾತಾಡಲಿ ಎಂದು ನಿಂತಿದ್ದೆ.